ಎರವಲು ಕೆಮ್ಮು

"ಗುಬ್ಬೀನ ಸ್ವಲ್ಪ ಕೊಡ್ತೀಯಾ? ಊಟದ ಹೊತ್ತಿಗೆ ವಾಪಸ್ ತಂದುಬಿಡ್ತೀನಿ," ಎಂದು ಟೈಲರಮ್ಮ ಹೊಸ್ತಿಲಲ್ಲೇ ನಿಂತು ಕೇಳಿದಳು. ಏಣಿಯನ್ನೋ ಜರಡಿಯನ್ನೋ ಕೇಳುವ ಧಾಟಿಯಲ್ಲೇ ಕೇಳಿದಳು. ಒಳಗೆ ನೆಲದ ಮೇಲೆ ಕೂತು ಕಾರ್ಖಾನೆಯ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದ ಗುಬ್ಬಿಯ ಅಮ್ಮ ತಲೆ ಎತ್ತಲಿಲ್ಲ. ದಾರವನ್ನು ಹಲ್ಲಿನಿಂದ ಕಡಿದು, ಕರೆದುಕೊಂಡು ಹೋಗಿ, ಚಪ್ಪಲಿ ಮಾತ್ರ ಮರೆಯಬೇಡಿ ಎಂದಳು. ಗುಬ್ಬಿ ಅಷ್ಟರಲ್ಲಾಗಲೇ ಬಾಗಿಲಿಗೆ ಬಂದು ಟೈಲರಮ್ಮನ ಬೆರಳು ಹಿಡಿದು ಎರಡು ಸಲ ಕೆಮ್ಮಿ ತೋರಿಸಿದಳು.

"ಇಲ್ಲಿ ಬೇಡ ಕಣೇ, ಬೆಂಚಿನ ಮೇಲೆ ಕೂತ್ಮೇಲೆ," ಎಂದಳು ಟೈಲರಮ್ಮ.

ಓಣಿಯಲ್ಲಿ ಇದು ಹೊಸ ವ್ಯವಹಾರವೇನಲ್ಲ. ಆಸ್ಪತ್ರೆ ಇದ್ದದ್ದು ಓಣಿ ಮುಗಿದು ಮುಖ್ಯರಸ್ತೆ ಸಿಗುವಲ್ಲಿ. ಉದ್ದನೆಯ ಜಗಲಿ, ಅದರ ಒಂದು ತುದಿಗೆ ಮಕ್ಕಳ ಡಾಕ್ಟರ ಕೋಣೆ, ಇನ್ನೊಂದು ತುದಿಗೆ ಹಸಿರು ಪರದೆ ಹಾಕಿದ ತಾಯಂದಿರ ಕೋಣೆ, ನಡುವೆ ಎರಡಕ್ಕೂ ಸೇರಿ ಒಂದೇ ಬೆಂಚು. ಅದನ್ನು ಹಾಕಿಸಿದವನು ಗಂಡಸೇ ಇರಬೇಕು, ಬೆಂಚಿನ ಮುಖ ಸೀದಾ ರಸ್ತೆಗಿತ್ತು. ಆಚೆ ಬದಿಗೆ ಟೀ ಅಂಗಡಿ, ಅದಕ್ಕೆ ಅಂಟಿಕೊಂಡು ಸೈಕಲ್ ರಿಪೇರಿಯ ಅಂಗಡಿ. ಒಬ್ಬಳ ಮೈದುನ, ಇನ್ನೊಬ್ಬಳ ಮಾವ, ಮತ್ತೊಬ್ಬಳ ಗಂಡನ ಗೆಳೆಯ, ಹೀಗೆ ಯಾರಾದರೊಬ್ಬರು ಅಲ್ಲಿ ಲೋಟ ಹಿಡಿದು ನಿಂತೇ ಇರುತ್ತಿದ್ದರು. ಬರಿಗೈಯಲ್ಲಿ ಬಂದು ಬೆಂಚಿನ ಮೇಲೆ ಕೂತ ಹೆಂಗಸು ಹಸಿರು ಪರದೆಗೇ ಬಂದವಳೆಂದು ಲೆಕ್ಕ. ಅವಳು ಮನೆ ಸೇರುವ ಮೊದಲೇ ಸುದ್ದಿ ಮನೆ ಸೇರಿರುತ್ತಿತ್ತು. ಮಡಿಲಲ್ಲಿ ಕೆಮ್ಮುವ ಮಗುವಿದ್ದರೆ ಮಾತ್ರ ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ. ಮಗುವನ್ನು ಡಾಕ್ಟರಿಗೆ ತೋರಿಸಿ, ಔಷಧಿಯ ಬಾಟಲಿ ಹಿಡಿದುಕೊಂಡು, ಬಂದದ್ದು ಹೇಗೂ ಬಂದಾಯಿತು ಎನ್ನುವ ಹಾಗೆ ಪರದೆಯ ಒಳಗೆ ಹೊಕ್ಕು ಬಂದರೆ ಕೆಲಸ ಆಗಿಹೋಗುತ್ತಿತ್ತು.

ಒಬ್ಬೊಬ್ಬಳಿಗೆ ಒಂದೊಂದು ಕಾರಣ. ಬೇಕರಿಯವಳ ಗಂಡನಿಗೆ ಹೆಂಡತಿ ಮಕ್ಕಳಾಗದಂತೆ ಮಾತ್ರೆ ನುಂಗಿದರೆ ತನ್ನ ಮರ್ಯಾದೆಗೇ ಯಾರೋ ಬೀಗ ಜಡಿದ ಹಾಗೆ. ಟೈಲರಮ್ಮನ ಅತ್ತೆ, ಒಳಗೆ ಹಾಕಿದ ಲೂಪು ಮೇಲೇರಿ ಗಂಟಲಿಗೆ ಸಿಕ್ಕಿ ಸತ್ತವಳೊಬ್ಬಳನ್ನು ಕಣ್ಣಾರೆ ಕಂಡಿದ್ದೇನೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಯಾರು, ಎಲ್ಲಿ ಎಂದು ಕೇಳಿದರೆ ಆ ಕ್ಷಣಕ್ಕೆ ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ಟೈಲರಮ್ಮ ಅತ್ತೆಗೆ ಎದುರು ಮಾತಾಡುವವಳಲ್ಲ. ಅತ್ತೆ ಹೇಳುವುದಕ್ಕೆಲ್ಲ ಹೂಂಗುಟ್ಟಿ ತನಗೆ ಬೇಕಾದ್ದನ್ನು ಮಾಡುತ್ತಿದ್ದಳು. ಅವಳ ಮಕ್ಕಳು, ಬೇಕರಿಯವಳ ಮಕ್ಕಳು ಎಲ್ಲ ಶಾಲೆ ಸೇರಿಯಾಗಿತ್ತು. ಓಣಿಯಲ್ಲಿ ಕಂಕುಳಿಗೆ ಸಿಗುವ ಮಗು ಗುಬ್ಬಿಯೊಬ್ಬಳೇ. ಒಬ್ಬರು ಬೆನ್ನು ತಟ್ಟಿದರೆ ಒಣಕೆಮ್ಮು, ಮೂಗು ಒರೆಸಿದರೆ ಕಫದ ಕೆಮ್ಮು ಎಂಬಷ್ಟರ ಮಟ್ಟಿಗೆ ಅವಳು ಪಳಗಿದ್ದಳು.

ಹೀಗೆ ಬಂದ ಬಾಟಲಿಗಳನ್ನು ಹೆಂಗಸರು ಮಗುವಿನ ಜೊತೆಗೇ ಪ್ರಾಮಾಣಿಕವಾಗಿ ವಾಪಸ್ ಕೊಡುತ್ತಿದ್ದರು. ಗುಬ್ಬಿಯ ಅಮ್ಮ ಔಷಧಿಯನ್ನು ಚರಂಡಿಗೆ ಸುರಿದು, ಬಾಟಲಿ ತೊಳೆದು ಒಣಗಿಸಿ, ಬಣ್ಣಕ್ಕೊಂದರಂತೆ ಗುಂಡಿಗಳನ್ನು ತುಂಬಿ ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದಳು. ಕಪ್ಪು ಗುಂಡಿಗಳ ಬಾಟಲಿಯ ಹಿಂದೆ ಅವಳದೊಂದು ಮಾತ್ರೆಯ ಶೀಟು ಇರುತ್ತಿತ್ತು. ಅದನ್ನು ಅವಳು ಆಸ್ಪತ್ರೆಯಿಂದ ತಂದದ್ದಲ್ಲ. ಟೈಲರಮ್ಮ ತನಗೆಂದು ಎರಡು ಶೀಟು ಇಸಕೊಂಡು ಒಂದನ್ನು ಇವಳಿಗೆ ಕೊಡುತ್ತಿದ್ದಳು. ಓಣಿಗೆಲ್ಲ ಮಗುವನ್ನು ಕೊಟ್ಟು ಆಸ್ಪತ್ರೆಗೆ ಕಳಿಸುತ್ತಿದ್ದ ಗುಬ್ಬಿಯ ಅಮ್ಮ ತಾನು ಮಾತ್ರ ಆ ಬೆಂಚಿನ ಮೇಲೆ ಕೂರುವ ಹಾಗಿರಲಿಲ್ಲ. ಅಲ್ಲಿ ಟೋಕನ್ ಕೊಟ್ಟು, ಸರದಿ ಕೂಗಿ, ಪರದೆ ಸರಿಸಿ ಒಳಗೆ ಬಿಡುತ್ತಿದ್ದ ಆಯಾ ಅವಳ ಗಂಡನ ಅಕ್ಕ.

ತಂದೆತಾಯಿ ಇಲ್ಲದ ಮನೆಯಲ್ಲಿ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಆ ಅಕ್ಕ. ಅವಳಿಗೆ ಮಕ್ಕಳಾಗಲಿಲ್ಲ, ಗಂಡ ತೀರಿಕೊಂಡ ಮೇಲೆ ಆ ಆಸೆಯೂ ಮುಗಿಯಿತು. ಗುಬ್ಬಿ ಹುಟ್ಟುವಾಗ ಹೆರಿಗೆ ಬಹಳ ಕಷ್ಟವಾಯಿತು. ಡ್ಯೂಟಿ ಮುಗಿದರೂ ಮನೆಗೆ ಹೋಗದೆ, ಹೆರುವವಳ ಉಗುರು ನಾಟಿ ರಕ್ತ ಬಂದರೂ ಕೈ ಬಿಡಿಸಿಕೊಳ್ಳದೆ ಪಕ್ಕದಲ್ಲಿ ಕೂತಿದ್ದವಳು ಅವಳೇ. ಮಗುವನ್ನು ನೋಡಲು ಜನ ಬಂದಾಗಲೂ ಅದನ್ನು ಅವಳು ಕೆಳಗಿಟ್ಟಿರಲಿಲ್ಲ. ಅದನ್ನು ನೋಡಿ ತಮ್ಮನಿಗೆ ಕರುಳು ಚುರುಕ್ ಎಂದಿರಬೇಕು. "ಮುಂದಿನದು ನಿಂಗೇ ಅಕ್ಕ. ನೀನೇ ಸಾಕ್ಕೋ," ಎಂದುಬಿಟ್ಟ. ಎಲ್ಲರೂ ಹಾಸಿಗೆಯ ಕಡೆ ತಿರುಗಿದರು. ಹೊಲಿಗೆ ಹಾಕಿಸಿಕೊಂಡು ಮಲಗಿದ್ದ ಗುಬ್ಬಿಯ ಅಮ್ಮ ತಲೆಯಾಡಿಸಿದಳು. ಮುಂದಿನದು ಎನ್ನುವುದು ಆಗ ಅವಳಿಗೆ ಇನ್ನೊಂದು ಜನ್ಮದಷ್ಟು ದೂರದ ಮಾತು. ಆಯಾ ಮಗುವಿನ ಬಟ್ಟೆಯಲ್ಲಿ ಮುಖ ಹುದುಗಿಸಿ ಅತ್ತಳು. ಅವಳು ಅಳದೇ ಇದ್ದಿದ್ದರೆ ಆ ಮಾತು ಬಾಯಿಮಾತಾಗಿ ಗಾಳಿಗೆ ಹೋಗುತ್ತಿತ್ತೋ ಏನೋ. ಅತ್ತ ಮೇಲೆ ಅದು ಕೊಟ್ಟ ಮಾತಾಯಿತು.

ಸ್ವಲ್ಪ ದಿನದಲ್ಲೇ ಆಸ್ಪತ್ರೆಯವರು ಹಳೆಯ ಸಾಮಾನು ಹೊರಗೆ ಹಾಕಿದರು. ಅದರಲ್ಲಿದ್ದ, ಸುತ್ತ ಕಂಬಿಯಿರುವ ಮಕ್ಕಳ ಕಬ್ಬಿಣದ ಮಂಚವೊಂದನ್ನು ಆಯಾ ಕೈಗಾಡಿಯಲ್ಲಿ ಮನೆಗೆ ತಂದಳು. ತುಕ್ಕು ಉಜ್ಜಿ, ನೀಲಿ ಬಣ್ಣ ಬಳಿದು, ತನ್ನ ಒಂಟಿ ಕೋಣೆಯ ಮೂಲೆಯಲ್ಲಿ ಇಟ್ಟು, ಧೂಳು ಕೂರದಂತೆ ಬಟ್ಟೆ ಹೊದಿಸಿದಳು. ಅದು ಯಾರಿಗೆ, ಯಾವಾಗ ಎಂದು ಅವಳು ಒಂದು ದಿನವೂ ಬಾಯಿಬಿಟ್ಟು ಕೇಳಿದವಳಲ್ಲ. ಆದರೆ ಆ ಮನೆಗೆ ಹೋದವರು ಎಲ್ಲಿ ಕೂತರೂ ಮಂಚದ ಎದುರಿಗೇ ಕೂರಬೇಕಿತ್ತು.

ಗುಬ್ಬಿಯ ಅಮ್ಮನಿಗೆ ಇನ್ನೊಂದು ಮಗು ಬೇಡವೆಂದೇನೂ ಇರಲಿಲ್ಲ. ಕೆಲವು ಸಲ, ಗುಬ್ಬಿಗೆ ಗಿಡ್ಡವಾದ ಅಂಗಿಗಳನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕುವಾಗ, ಬೇಕು ಅನ್ನಿಸಿದ್ದೂ ಉಂಟು. ಆದರೆ ಹೆತ್ತರೆ ಕೊಡಬೇಕು. ಹೆತ್ತದ್ದನ್ನು ಎತ್ತಿ ಕೊಡುವುದು ಅವಳಿಂದ ಆಗದು. ಕೊಡುವುದಿಲ್ಲ ಎಂದು ಆ ಮುಖ ನೋಡಿಕೊಂಡು ಹೇಳುವುದೂ ಆಗದು. ಹೆರದೆ ಇರುವುದೊಂದೇ ಅವಳಿಗೆ ಉಳಿದ ದಾರಿ. ಗಂಡ ಲಾರಿ ಓಡಿಸಿಕೊಂಡು ತಿಂಗಳಲ್ಲಿ ಮುಕ್ಕಾಲು ಪಾಲು ಹೊರಗೇ ಇದ್ದುದರಿಂದ, ಯಾಕೆ ಇನ್ನೂ ಆಗಿಲ್ಲ ಎಂದು ಕೇಳುವವರಿಗೆ ಉತ್ತರವೂ ತಾನೇ ತಾನಾಗಿ ಸಿಗುತ್ತಿತ್ತು.

ಅವತ್ತು ಟೈಲರಮ್ಮ ಹೇಳಿದ ಹೊತ್ತಿಗಿಂತ ಬೇಗ ವಾಪಸ್ ಬಂದಳು. ಗುಬ್ಬಿಯನ್ನು ಒಳಗೆ ಬಿಟ್ಟು, ಔಷಧಿಯ ಬಾಟಲಿಯನ್ನು ಕಿಟಕಿಯಲ್ಲಿಟ್ಟು, ಬೇರೇನನ್ನೂ ಕೊಡದೆ ನಿಂತಳು.

"ಹಳೇ ನರ್ಸಮ್ಮಂಗೆ ವರ್ಗ ಆಯ್ತಂತೆ. ಎರಡನೇ ಶೀಟ್ ಯಾರಿಗೆ ಅಂತ ಹೊಸಬಳು ಕೇಳಿದ್ಳು. ನಂಗೇ ಅಂದೆ. ಒಂದು ಹೊಟ್ಟೆಗೆ ಎರಡಾ ಅಂತ ಕೇಳಿದ್ಳು, ನಾನು ಏನು ಹೇಳ್ಲಿ? ಬೇಕಾದವರೇ ಬರ್ಲಿ, ಬಿ.ಪಿ. ನೋಡದೆ ಕೊಡಲ್ಲ ಅಂದ್ಬಿಟ್ಳು."

ನರ್ಸಮ್ಮನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಗುಬ್ಬಿಯ ಅಮ್ಮ ಸೂಜಿ ಕೆಳಗಿಟ್ಟಳು. ಕಪ್ಪು ಗುಂಡಿಯ ಬಾಟಲಿಯ ಹಿಂದಿದ್ದ ಶೀಟು ಮುಗಿಯುತ್ತ ಬಂದಿತ್ತು. ಗಂಡ ಲಾರಿ ಬಿಟ್ಟು ಊರಲ್ಲೇ ಬಸ್ ಡಿಪೋದಲ್ಲಿ ಕೆಲಸ ಹಿಡಿದಿದ್ದ. ಈಗ ದಿನಾ ಸಂಜೆ ಮನೆಗೆ ಬರುತ್ತಿದ್ದ. ಕೆಟ್ಟವನಲ್ಲ, ಗುಬ್ಬಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಓಣಿ ಸುತ್ತುತ್ತಿದ್ದ, ಅಂಗಿಯ ಮೂಟೆಗಳನ್ನು ಹೊತ್ತು ತರುತ್ತಿದ್ದ. ಹಿಂದಿನ ವಾರ ಊಟ ಮಾಡುತ್ತ, ಗುಬ್ಬಿ ಶಾಲೆಗೆ ಹೋಗಲು ಶುರುಮಾಡಿದರೆ ಮನೆ ಬಿಕೋ ಅನ್ನುತ್ತದೆ, ಅಕ್ಕನಿಗೆ ಕೊಟ್ಟ ಮಾತೂ ಹಾಗೇ ಉಳಿದಿದೆ ಎಂದಿದ್ದ. ಅದನ್ನು ಅವನು ಮೃದುವಾಗಿಯೇ ಹೇಳಿದ್ದ. ಗದರಿದ್ದರೆ ಅವಳೂ ಒಂದು ಮಾತು ಆಡಬಹುದಿತ್ತು.

ನಲ್ಲಿಯ ಹತ್ತಿರ ಹೆಂಗಸರಿಗೆ ಗುಬ್ಬಿಯ ಶಾಲೆಯದೇ ಚಿಂತೆ. ಮಗು ಶಾಲೆಗೆ ಹೋದರೆ ಬೆಂಚಿನ ಮೇಲೆ ಯಾರನ್ನು ಕೂರಿಸಿಕೊಳ್ಳುವುದು, ಬೆಕ್ಕನ್ನೇ ಎಂದು ಒಬ್ಬಳು ಕೇಳಿದಳು. ಬೇಕರಿಯವಳು ಕೊಡ ಕೆಳಗಿಟ್ಟು ಗುಬ್ಬಿಯ ಅಮ್ಮನ ಕಡೆ ತಿರುಗಿದಳು. "ನೀನೇ ಇನ್ನೊಂದು ಹೆತ್ತುಬಿಡೇ. ಓಣಿಗೆಲ್ಲ ಉಪಕಾರ ಆಗತ್ತೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಗುಬ್ಬಿಯ ಅಮ್ಮನೂ ನಕ್ಕಳು. ಮನೆಗೆ ಬಂದ ಮೇಲೆ ಅವಳಿಗೆ ಮೈಯೆಲ್ಲ ಉರಿಯಿತು. ಇವರಿಗೆಲ್ಲ ಮಕ್ಕಳಾಗದೆ ಇರಲು ತಾನು ಹೆರಬೇಕಂತೆ. ಗುಂಡಿಯೊಂದನ್ನು ಎಷ್ಟು ಬಿಗಿಯಾಗಿ ಹೊಲಿದಳೆಂದರೆ ಬಟ್ಟೆಯೇ ಸುಕ್ಕಾಯಿತು. ಅದನ್ನು ಬಿಚ್ಚಿ ಮತ್ತೆ ಹೊಲಿಯಬೇಕಾಯಿತು. ಟೈಲರಮ್ಮ ಮಾತ್ರ ಅವತ್ತು ನಕ್ಕಿರಲಿಲ್ಲ. ಓಣಿಯಲ್ಲಿ ಈ ವಿಷಯ ತಿಳಿದಿದ್ದವಳು ಅವಳೊಬ್ಬಳೇ.

ಹೊಳೆಯಾಚೆ ದೊಡ್ಡ ಆಸ್ಪತ್ರೆಯೇನೋ ಇತ್ತು. ಅಲ್ಲಿ ಹೊಸದಾಗಿ ಬರುವವರು ಗಂಡನನ್ನು ಕರೆತರಬೇಕು ಎನ್ನುತ್ತಿದ್ದರು. ಗಂಡನನ್ನು ಕರೆತರಬಲ್ಲವಳಿಗೆ ಅಷ್ಟು ದೂರ ಹೋಗುವ ಕರ್ಮ ಯಾಕೆ ಎಂದಳು ಟೈಲರಮ್ಮ. ಅವಳು ಬೇರೊಂದು ಉಪಾಯ ಹುಡುಕಿದ್ದಳು. ಬುಧವಾರ ಬೆಳಿಗ್ಗೆ ಆಯಾ ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಗಾಡಿಯಲ್ಲಿ ಹಾಕಿಕೊಂಡು ಲಾಂಡ್ರಿಗೆ ಹೋಗುತ್ತಾಳೆ, ಒಗೆದದ್ದನ್ನು ಎಣಿಸಿಕೊಂಡು ಬರುವಷ್ಟರಲ್ಲಿ ಬಿಸಿಲೇರಿರುತ್ತದೆ. ಆ ಹೊತ್ತಿಗೆ ಟೋಕನ್ ಕೊಡುವವನು ವಾಚ್‌ಮನ್. ಅವನಿಗೆ ಯಾರು ಬಂದರೂ ಒಂದೇ.

ಬುಧವಾರ ಗುಬ್ಬಿಯ ಅಮ್ಮ ಮೊದಲ ಬಾರಿಗೆ ತನ್ನ ಮಗುವನ್ನು ತಾನೇ ಎತ್ತಿಕೊಂಡು ಹೋದಳು. ಜಗಲಿಯಲ್ಲಿ ಆಯಾ ಇರಲಿಲ್ಲ. ವಾಚ್‌ಮನ್ ಮಗುವನ್ನು ನೋಡಿ ಮಕ್ಕಳ ಕೋಣೆಯ ಕೆಂಪು ಟೋಕನ್ ಕೊಟ್ಟ. ತಾಯಂದಿರ ಕೋಣೆಯ ಬಿಳಿ ಟೋಕನ್ನು ಅವಳೇ ಮೆಲ್ಲಗೆ ಕೇಳಿ ಇಸಕೊಂಡಳು. ಬೆಂಚಿನ ಮೇಲೆ ಕೂತದ್ದೇ ಗುಬ್ಬಿ ತನ್ನ ಕೆಲಸ ಶುರುಮಾಡಿದಳು. ಟೀ ಅಂಗಡಿಯಲ್ಲಿ ನಿಂತಿದ್ದ ಗಂಡನ ಡಿಪೋದವನೊಬ್ಬ ಈ ಕಡೆ ನೋಡಿ, ಮಗುವಿನ ಕೆಮ್ಮು ಕೇಳಿ, ಮತ್ತೆ ಲೋಟದ ಕಡೆ ತಿರುಗಿದ. ಈ ಕೆಮ್ಮಿನ ಬೆಲೆ ಏನೆಂದು ಗುಬ್ಬಿಯ ಅಮ್ಮನಿಗೆ ಆಗ ಗೊತ್ತಾಯಿತು.

ಬಿಳಿ ಟೋಕನ್ನಿನ ಸರದಿಯೇ ಮೊದಲು ಬಂತು. ಮಗುವನ್ನು ಪಕ್ಕದಲ್ಲಿದ್ದ ಅಜ್ಜಿಯೊಬ್ಬಳಿಗೆ ನೋಡಿಕೊಳ್ಳಲು ಹೇಳಿ ಅವಳು ಪರದೆಯೊಳಗೆ ಹೋದಳು. ಹೊಸ ನರ್ಸಮ್ಮ ಚಿಕ್ಕ ವಯಸ್ಸಿನವಳು, ಮಾತು ಕಡಿಮೆ. ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದಳು. ಜಾಸ್ತಿಯಿತ್ತು. ಗಾಬರಿಯಾಗಿದ್ದೀರಾ ಎಂದು ಕೇಳಿ, ನೀರು ಕುಡಿಸಿ, ಕಣ್ಣು ಮುಚ್ಚಿ ಕೂರಿಸಿ, ಮತ್ತೆ ನೋಡಿದಳು. ಈಗ ಸರಿಯಿತ್ತು. ಮನೆಯಲ್ಲಿ ಮಾತ್ರೆ ಇಟ್ಟುಕೊಳ್ಳಲು ತೊಂದರೆಯಿದ್ದರೆ ಇಂಜೆಕ್ಷನ್ ಇದೆ, ಮೂರು ತಿಂಗಳಿಗೊಮ್ಮೆ ಬಂದರೆ ಸಾಕು, ಮುಟ್ಟು ಸ್ವಲ್ಪ ಏರುಪೇರಾಗಬಹುದು, ಹೆದರಬೇಡಿ ಎಂದು ತಿಳಿಸಿ ಹೇಳಿದಳು. ಯಾಕೆ ಬೇಡ, ಯಾರಿಗೆ ಬೇಡ ಎಂದು ಅವಳು ಕೇಳಲಿಲ್ಲ. ಗುಬ್ಬಿಯ ಅಮ್ಮ ಇಂಜೆಕ್ಷನ್ನಿಗೆ ತೋಳು ಕೊಟ್ಟಳು. ಆಗಿಯೇಹೋಯಿತು ಎಂದು ನರ್ಸಮ್ಮ ಹೇಳುವವರೆಗೂ ಸೂಜಿ ಒಳಗೆ ಹೋದದ್ದೇ ಅವಳಿಗೆ ತಿಳಿದಿರಲಿಲ್ಲ.

ತೋಳಿನ ಹತ್ತಿಯನ್ನು ಒತ್ತಿ ಹಿಡಿದುಕೊಂಡು ಪರದೆ ಸರಿಸಿ ಹೊರಗೆ ಬಂದಾಗ ಬೆಂಚಿನ ಮೇಲೆ ಅಜ್ಜಿ ಇರಲಿಲ್ಲ. ಅವಳ ಜಾಗದಲ್ಲಿ ಆಯಾ ಕೂತಿದ್ದಳು. ಲಾಂಡ್ರಿಗೆ ಅವತ್ತು ಬೀಗ ಹಾಕಿತ್ತು. ಬಟ್ಟೆಯ ಗಾಡಿ ಹಾಗೇ ಜಗಲಿಯ ಕೆಳಗೆ ನಿಂತಿತ್ತು. ಗುಬ್ಬಿ ಆಯಾಳ ಮಡಿಲಲ್ಲಿ ಕೂತು ಅವಳ ಸೊಂಟದ ಬೀಗದಕೈ ಗೊಂಚಲಿನ ಜೊತೆ ಆಡುತ್ತಿದ್ದಳು. ಅವಳು ಕೆಮ್ಮುತ್ತಿರಲಿಲ್ಲ. ಸ್ವಂತ ಅತ್ತೆಯ ಮಡಿಲಲ್ಲಿ ಕೂತು ಯಾಕೆ ಕೆಮ್ಮಬೇಕೆಂದು ಅವಳಿಗೆ ತೋಚಿರಲಿಕ್ಕಿಲ್ಲ.

ಆಯಾ ಮೊದಲು ಪರದೆಯನ್ನು, ಆಮೇಲೆ ಹತ್ತಿಯನ್ನು ನೋಡಿದಳು.

"ಗುಬ್ಬಿಗೆ ಕೆಮ್ಮು ಅಕ್ಕ. ತೋರಿಸೋಣ ಅಂತ…"

"ಇವಳಿಗೆ ಯಾವ ಕೆಮ್ಮೂ ಇಲ್ಲ. ಯಾವತ್ತೂ ಇರ್ಲಿಲ್ಲ." ಆಯಾಳ ದನಿ ಏರಲಿಲ್ಲ. "ಒಂದು ಮಗು ಇಷ್ಟು ವರ್ಷದಿಂದ ಇಷ್ಟು ಜನರ ಮಡಿಲಲ್ಲಿ ಕೂತು ಕೆಮ್ತಾ ಇದ್ರೆ ನಂಗೆ ಗೊತ್ತಾಗಲ್ವಾ? ನಾನೇನು ಕಣ್ಣು ಕಟ್ಕೊಂಡು ಟೋಕನ್ ಕೊಡ್ತೀನಾ?"

ಆಯಾ ಪ್ರತಿ ಸಲವೂ ಗುಬ್ಬಿಯ ಹಣೆ ಮುಟ್ಟಿ ನೋಡಿ, ಮಗುವಿಗೆ ತಣ್ಣೀರು ಕೊಡಬೇಡಿ ಎಂದು ಗದರುತ್ತಿದ್ದುದನ್ನು ಓಣಿಯ ಹೆಂಗಸರು ವರ್ಷಗಟ್ಟಲೆ ಹೇಳಿಕೊಂಡು ನಕ್ಕಿದ್ದರು. ಅವಳ ಕಣ್ಣಿಗೆ ಮಣ್ಣೆರಚಿದೆವು ಎಂದೇ ಅವರೆಲ್ಲ ನಂಬಿದ್ದರು. ಅವರ ಕೆಲಸ ಸುಸೂತ್ರವಾಗಲೆಂದೇ ಅವಳು ಟೀ ಅಂಗಡಿಗೆ ಕೇಳುವ ಹಾಗೆ ಗದರುತ್ತಿದ್ದಳು ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ. ಗುಬ್ಬಿಯ ಅಮ್ಮನಿಗೂ ಹೊಳೆದಿರಲಿಲ್ಲ.

"ಟೈಲರಮ್ಮ ಎರಡು ಶೀಟ್ ತಗೊಂಡು ಹೋಗ್ತಿದ್ಳಲ್ಲ," ಎಂದಳು ಆಯಾ. "ಅದ್ರಲ್ಲಿ ಒಂದು ನಿಂದಾ?"

ಗುಬ್ಬಿಯ ಅಮ್ಮ ತಲೆಯಾಡಿಸಿದಳು. ಅಂದು ಹೆರಿಗೆಯ ಹಾಸಿಗೆಯಲ್ಲಿ ಆಡಿಸಿದ ಹಾಗೆಯೇ.

"ಯಾವಾಗಿಂದ?"

"ಇವಳು ಹಾಲು ಬಿಟ್ಟಾಗಿಂದ."

ಆಯಾ ಗುಬ್ಬಿಯ ಕೈಯಿಂದ ಬೀಗದಕೈಗಳನ್ನು ಮೆಲ್ಲಗೆ ಬಿಡಿಸಿಕೊಂಡಳು. ಅಷ್ಟು ವರ್ಷ ಆ ಎರಡನೇ ಶೀಟನ್ನು ಪರದೆಯ ಹೊರಗೆ ತನ್ನ ಮುಂದೆಯೇ ದಾಟಿಸಿಕೊಂಡು ಹೋಗಿದ್ದರು. ಸಾಲದ್ದಕ್ಕೆ ತಾನೇ ಪರದೆ ಎತ್ತಿ ಹಿಡಿದಿದ್ದಳು.

"ಕೊಡೋಕೆ ಇಷ್ಟ ಇಲ್ಲ ಅಂತ ಒಂದು ಮಾತು ಹೇಳ್ಬಹುದಿತ್ತು," ಎಂದಳು.

"ನಿಮ್ಮ ಮುಖ ನೋಡ್ಕೊಂಡು ಹೇಗೆ ಹೇಳ್ಲಿ ಅಕ್ಕ?"

ಆಯಾ ಎದ್ದು, ಮಗುವನ್ನು ಅವಳ ಕೈಗೆ ಕೊಟ್ಟು, ಬಟ್ಟೆ ಕೊಡವಿಕೊಂಡು, ಪರದೆಯ ಪಕ್ಕ ತನ್ನ ಜಾಗಕ್ಕೆ ಹೋಗಿ ನಿಂತಳು. ಮುಂದಿನ ಬಿಳಿ ಟೋಕನ್ ಯಾರದು ಎಂದು ದಿನದ ದನಿಯಲ್ಲೇ ಕೂಗಿದಳು. ಕೆಂಪು ಟೋಕನ್ ಗುಬ್ಬಿಯ ಅಮ್ಮನ ಮುಷ್ಟಿಯಲ್ಲೇ ಇತ್ತು. ಅದನ್ನು ಬೆಂಚಿನ ಮೇಲಿಟ್ಟು, ಡಾಕ್ಟರಿಗೂ ತೋರಿಸದೆ, ಔಷಧಿಯನ್ನೂ ಇಸಕೊಳ್ಳದೆ ಅವಳು ಮನೆಗೆ ಬಂದುಬಿಟ್ಟಳು. ತಾನು ಬರಿಗೈಯಲ್ಲಿ ಬಂದಿದ್ದೇನೆ ಎಂಬುದು ಓಣಿಯ ಅರ್ಧಕ್ಕೆ ಬಂದ ಮೇಲೆ ಅವಳಿಗೆ ನೆನಪಾಯಿತು. ಆದರೂ ವಾಪಸ್ ಹೋಗಲಿಲ್ಲ.

ಅವತ್ತು ಹೊಲಿದ ಗುಂಡಿಗಳಲ್ಲಿ ಒಂದೂ ನೆಟ್ಟಗಿರಲಿಲ್ಲ. ಅಕ್ಕ ತಮ್ಮನಿಗೆ ಹೇಳದೆ ಇರುತ್ತಾಳೆಯೇ? ಹೇಳುವುದು ಅವಳ ಹಕ್ಕು. ಹೇಳಿದರೆ ಅವನು ಹೊಡೆಯುವವನಲ್ಲ, ಬೈಯುವವನೂ ಅಲ್ಲ. ಒಂದು ಮೂಲೆ ಹಿಡಿದು ಕೂತುಬಿಡುತ್ತಾನೆ. ಆಮೇಲೆ ಒಂದು ದಿನ ಎಲ್ಲರೂ ಸೇರಿ ಮೃದುವಾಗಿಯೇ ಮಾತಾಡಿ, ಮೃದುವಾಗಿಯೇ ಅವಳ ಬಾಯಲ್ಲಿ ಹೂಂ ಅನ್ನಿಸುತ್ತಾರೆ. ಅವಳಿಗೆ ಭಯವಿದ್ದದ್ದು ಆ ಮೃದುವಾದ ಮಾತಿಗೇ.

ಸಂಜೆ ಗಂಡ ಡಿಪೋದಿಂದ ಬಂದು ಗ್ರೀಸಿನ ಕೈ ತೊಳೆಯುತ್ತ, ನಮ್ಮವನೊಬ್ಬ ನಿನ್ನನ್ನು ಆಸ್ಪತ್ರೆಯಲ್ಲಿ ನೋಡಿದನಂತೆ ಎಂದ. ಗುಬ್ಬಿಗೆ ಕೆಮ್ಮು ಎಂದಳು ಅವಳು. ಯಾವಾಗಿನಿಂದ, ಬೆಳಿಗ್ಗೆ ಚೆನ್ನಾಗಿದ್ದಳಲ್ಲ, ಔಷಧಿ ಎಲ್ಲಿ ಎಂದು ಅವನು ಕೇಳಿದ. ಅನುಮಾನದಿಂದಲ್ಲ, ಮಗುವಿನ ಕಾಳಜಿಯಿಂದಲೇ ಕೇಳಿದ್ದು. ಅವಳು ಕಿಟಕಿಯ ಕಡೆ ನೋಡಿದಳು. ಅಲ್ಲಿದ್ದ ಬಾಟಲಿಗಳಲ್ಲೆಲ್ಲ ಗುಂಡಿಗಳಿದ್ದವು.

ಅಷ್ಟರಲ್ಲಿ ಬಾಗಿಲಲ್ಲಿ ಆಯಾ ಚಪ್ಪಲಿ ಬಿಟ್ಟಳು. ಆಸ್ಪತ್ರೆಯ ಬಟ್ಟೆಯಲ್ಲೇ ಇದ್ದಳು, ಮನೆಗೆ ಹೋಗದೆ ನೇರವಾಗಿ ಬಂದಂತಿತ್ತು. ತಮ್ಮ ಕುರ್ಚಿ ಎಳೆದು ಕೊಟ್ಟ. ಅವಳು ಕೂರಲಿಲ್ಲ. ಗುಬ್ಬಿಯ ಅಮ್ಮ ಗೋಡೆಗೆ ಆತು ನಿಂತಳು.

ಆಯಾ ಚೀಲದೊಳಗೆ ಕೈ ಹಾಕಿ ಕಂದು ಬಣ್ಣದ ಬಾಟಲಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

"ಮಗು ಔಷಧಿ ಅಲ್ಲೇ ಬಿಟ್ಬಂದಿದ್ಳು ನಿನ್ ಹೆಂಡ್ತಿ."

"ಅಷ್ಟೊಂದು ಕೆಮ್ಮಿದೆಯಾ ಅಕ್ಕ?" ಎಂದ ತಮ್ಮ.

"ಇದು ಬೇಗ ಬಿಡೋ ಕೆಮ್ಮಲ್ಲ." ಅವಳು ಬಾಟಲಿಯ ಮುಚ್ಚಳವನ್ನೇ ನೋಡುತ್ತ ಹೇಳಿದಳು. "ಮೂರು ತಿಂಗಳಿಗೊಂದ್ಸಲ ಕರ್ಕೊಂಡು ಬರ್ಬೇಕು. ಸ್ಕೂಲಿದೆ, ಕೆಲಸ ಇದೆ ಅಂತ ತಪ್ಪಿಸ್ಬಾರ್ದು. ನೀನೇ ನೆನಪು ಮಾಡಿ ಕಳಿಸು."

ನೀನಿದ್ದೀಯಲ್ಲ ಅಕ್ಕ, ನಮಗೇನು ಚಿಂತೆ ಎಂದ ಅವನು. ಆಯಾ ಚಮಚ ತರಿಸಿ, ಗುಬ್ಬಿಯನ್ನು ಹತ್ತಿರ ಕರೆದು, ಒಂದಿಷ್ಟೇ ಇಷ್ಟು ಔಷಧಿ ಬಾಯಿಗೆ ಹಾಕಿದಳು. ವರ್ಷಗಳಿಂದ ಎಷ್ಟೋ ಬಾಟಲಿ ಗಳಿಸಿದ ಗುಬ್ಬಿ ಅದರ ರುಚಿ ನೋಡಿದ್ದು ಅದೇ ಮೊದಲು. ಅವಳು ಮುಖ ಹಿಂಡಿ ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು, ಕೊನೆಗೆ ಅತ್ತೆಯನ್ನು ನೋಡಿ ಎರಡು ಸಲ ಕೆಮ್ಮಿದಳು. ಆಯಾ ಅವಳ ಬೆನ್ನು ನೀವಿದಳು. ಗುಬ್ಬಿಯ ಅಮ್ಮ ಊಟ ಮಾಡಿ ಹೋಗಿ ಎಂದಾಗ ಆಯಾ, ಹಸಿವಿಲ್ಲ ಎಂದು ಗೋಡೆಗೆ ಹೇಳಿದಂತೆ ಹೇಳಿ ಹೊರಟುಹೋದಳು.

ಶಾಲೆ ಶುರುವಾಯಿತು. ಗುಬ್ಬಿ ಇಲ್ಲದೆ ಮೊದಲ ಸಲ ಆಸ್ಪತ್ರೆಗೆ ಹೋಗಿ ಬಂದ ಟೈಲರಮ್ಮ ಮೂಗಿನ ಮೇಲೆ ಬೆರಳಿಟ್ಟುಕೊಂಡೇ ಬಂದಳು. ಬರಿಗೈಯಲ್ಲಿ ಜಗಲಿ ಹತ್ತಿದವಳನ್ನು ಆಯಾ, ಮಗೂನ ಮನೇಲೇ ಮಲಗಿಸಿ ಬಂದ್ರಾ, ಕೆಮ್ಮು ಇನ್ನೂ ನಿಂತಿಲ್ವಾ ಎಂದು ರಸ್ತೆಗೆಲ್ಲ ಕೇಳಿಸುವ ಹಾಗೆ ಕೂಗಿ ಮಾತಾಡಿಸಿ, ಒಂದು ಕೆಂಪು ಟೋಕನ್, ಅದರ ಕೆಳಗೆ ಒಂದು ಬಿಳಿ ಟೋಕನ್ ಕೈಗೆ ಹಾಕಿದಳಂತೆ. ಬೇಕರಿಯವಳಿಗೂ ಹಾಗೇ ಆಯಿತಂತೆ. ಆಯಾಳಿಗೆ ಏನಾಗಿದೆ ಎಂದು ಓಣಿಗೆ ತಿಳಿಯಲಿಲ್ಲ. ರಜೆಯ ದಿನಗಳಲ್ಲಿ ತಪ್ಪದೆ ಬರುತ್ತಿದ್ದ ಆಯಾ ಈಗ ಗುಬ್ಬಿಯ ಅಮ್ಮನ ಮನೆಗೆ ಬರುತ್ತಿರಲಿಲ್ಲ. ಗಂಡ ಕೇಳಿದರೆ ಅಕ್ಕನಿಗೆ ಕೆಲಸ ಜಾಸ್ತಿಯಿರಬೇಕು ಎನ್ನುತ್ತಿದ್ದಳು.

ಒಂದು ದಿನ ಮಧ್ಯಾಹ್ನ ಕೈಗಾಡಿಯೊಂದು ಬಾಗಿಲಿಗೆ ಬಂತು. ಅದರ ಮೇಲೆ ನೀಲಿ ಬಣ್ಣದ ಮಂಚವಿತ್ತು. ಗಾಡಿಯವನು ಅದನ್ನು ಇಳಿಸಿ, ಆಯಮ್ಮ ಹೇಳಿದ್ದನ್ನು ಬಾಯಿಪಾಠ ಒಪ್ಪಿಸಿದ. ನೆಲದ ಮೇಲಿಟ್ಟರೆ ಅಂಗಿಗಳಿಗೆ ತೇವ ಹಿಡಿಯುತ್ತದೆ, ಇದರೊಳಗೆ ಹಾಕಿಟ್ಟುಕೊಳ್ಳಬೇಕಂತೆ. ಅದಕ್ಕೆ ಹೊದಿಸುತ್ತಿದ್ದ ಬಟ್ಟೆಯನ್ನು ಅವಳು ಕಳಿಸಿರಲಿಲ್ಲ. ಗುಬ್ಬಿಯ ಅಮ್ಮ ಮಂಚವನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಬಹಳ ಹೊತ್ತು ಅದನ್ನು ಮುಟ್ಟದೆ ತನ್ನ ಕೆಲಸ ಮಾಡಿದಳು. ಕಾರ್ಖಾನೆಯವರು ಆ ವಾರ ಕಳಿಸಿದ್ದು ಮಕ್ಕಳ ಶಾಲೆಯ ಅಂಗಿಗಳು. ಗುಂಡಿ ಹೊಲಿದು ಮುಗಿದವು ಸುತ್ತ ಗುಡ್ಡೆಯಾಗಿ ಕೂರಲು ಜಾಗ ಸಾಲದಾದಾಗ, ಎದ್ದು ಒಂದೊಂದಾಗಿ ಮಡಚಿ ಮಂಚದೊಳಗೆ ಜೋಡಿಸಿದಳು.

ಗುಬ್ಬಿ ಶಾಲೆಯಿಂದ ಬಂದು ಚೀಲ ಮೂಲೆಗೆ ಎಸೆದಳು. ಮಂಚದ ಕಂಬಿಗಳ ನಡುವಿನಿಂದ ಅಂಗಿಯೊಂದರ ಚಿಕ್ಕ ತೋಳು ಹೊರಗೆ ಇಳಿಬಿದ್ದಿತ್ತು. ಅವಳು ಅದನ್ನು ಸ್ವಲ್ಪ ಹೊತ್ತು ನೋಡಿ, ಹತ್ತಿರ ಹೋಗಿ, ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಒಳಗೆ ಸೇರಿಸಿದಳು.